ಒಂದಕ್ಷರವನ್ನೂ ತಿದ್ದತಕ್ಕದ್ದಲ್ಲ

ಇಪ್ಪತ್ತಾರು ವರ್ಷಗಳಿಂದ ನಾನು ಬೇರೆಯವರ ತಪ್ಪುಗಳನ್ನು ಹುಡುಕಿಕೊಂಡು ಬದುಕಿದ್ದೇನೆ. ಹಾಗೆಂದ ಮಾತ್ರಕ್ಕೆ ನನ್ನನ್ನು ನ್ಯಾಯಾಧೀಶ ಎಂದೋ, ಯಾರದೋ ಅತ್ತೆ ಎಂದೋ ತಿಳಿಯಬೇಡಿ. ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. (ಮಗಳ ಗೆಳತಿಯೊಬ್ಬಳು ಇದನ್ನು ‘ಕರಡಿ ತಿದ್ದುವವನು’ ಎಂದು ಕೇಳಿಸಿಕೊಂಡು, “ಅಂಕಲ್ ಯಾವ ಸರ್ಕಸ್ಸಲ್ಲಿದ್ದಾರೆ?” ಎಂದು ವಿಚಾರಿಸಿದಳಂತೆ. “ಬೇರೆ ಎಲ್ಲಿ, ಮನೇಲೇ” ಎಂದಳಂತೆ ನನ್ನ ಹೆಂಡತಿ.) ಔಷಧದ ಡಬ್ಬಿಯೊಳಗಿನ ಚೀಟಿಯಿಂದ ಹಿಡಿದು ಆರುನೂರು ಪುಟದ ಪ್ರೇಮಕಾದಂಬರಿಯವರೆಗೆ ಲೋಕದ ಸಕಲ ವಾಙ್ಮಯವೂ ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋಗಿದೆ. ಹಾದುಹೋಗದೇ ಇರುವುದು ಒಂದೇ. ನಾನು ಬರೆದದ್ದು.

ಇದು ನನ್ನ ಜೀವನದ ದೊಡ್ಡ ಕೊರಗು ಎಂದರೆ ನೀವು ನಗಬಾರದು. ಸಾವಿರಾರು ಜನರ ಮಾತುಗಳಿಗೆ ಒತ್ತು, ದೀರ್ಘ, ಕೊಂಬು ಹಚ್ಚಿ ಸಿಂಗರಿಸಿ ಅಚ್ಚಿಗೆ ಕಳಿಸಿಕೊಟ್ಟವನಿಗೆ, ತನ್ನದೂ ಒಂದು ಪುಟ, ಬೇಡ, ಅರ್ಧ ಪುಟವಾದರೂ ಅಚ್ಚಾಗಲಿ ಎಂಬ ಆಸೆ ಇರುವುದಿಲ್ಲವೇ? ಆ ಆಸೆಯಿಂದಲೇ ನಾನು ರಾಜಕೀಯಕ್ಕೆ ಇಳಿದೆ. ಇಳಿದೆ ಎಂದರೆ ಚುನಾವಣೆಗೆ ನಿಂತೆ ಎಂದಲ್ಲ, ಕುರ್ಚಿಯಲ್ಲಿ ಕೂತೇ ಇಳಿದೆ.

ನಮ್ಮ ಅಚ್ಚುಕೂಟದಲ್ಲೇ ಒಂದು ವಾರಪತ್ರಿಕೆ ಮುದ್ರಣವಾಗುತ್ತದೆ. ಅದರ ಓದುಗರ ವಿಭಾಗಕ್ಕೆ ‘ಮತದಾನ ಕಡ್ಡಾಯ: ಒಂದು ಗಂಭೀರ ಚಿಂತನೆ’ ಎಂಬ ಹನ್ನೊಂದು ಹಾಳೆಯ ಪತ್ರ ಬರೆದು ಕಳಿಸಿದೆ. ಮತ ಹಾಕದವರಿಗೆ ಕಠಿಣ ಶಿಕ್ಷೆಯಾಗಬೇಕೆಂದು ಗುಡುಗಿದ್ದೆ. ಸಂಪಾದಕರು ಅದನ್ನು ‘ಸ್ವಲ್ಪ ಸಂಕ್ಷೇಪಿಸಿ’ ಪ್ರಕಟಿಸಿದರು. ಕರಡು ನನ್ನ ಮೇಜಿಗೇ ಬಂತು. “ಮತದಾನ ಕಡ್ಡಾಯವಾಗಬೇಕು.” ಅಷ್ಟೇ. ಅದರ ಕೆಳಗೆ ನನ್ನ ಈಮೇಲ್ ವಿಳಾಸವಿತ್ತು. ಪತ್ರಕ್ಕಿಂತ ವಿಳಾಸವೇ ಉದ್ದವಾಗಿತ್ತು. ತಿದ್ದುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಆ ಪೂರ್ಣವಿರಾಮವನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತೆ.

ಪತ್ರಿಕೆ ಹೊರಬಂದ ಮರುದಿನ ನನಗೊಂದು ಮೇಲ್ ಬಂತು.

“ಮಾನ್ಯರೇ, ಮತ ಹಾಕದಿರುವುದೂ ಒಂದು ಮತ. ಇತಿ, ಒಬ್ಬ ಓದುಗ.”

ಮೊದಲು ನಾನು ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಒಂದು ಒತ್ತಕ್ಷರವಾದರೂ ಜಾರಿದ್ದರೆ ಆ ಮನುಷ್ಯನನ್ನು ಕ್ಷಮಿಸಿಬಿಡುತ್ತಿದ್ದೆ. ಜಾರಿರಲಿಲ್ಲ. ಅಲ್ಪವಿರಾಮ ಕೂಡ ಇರಬೇಕಾದ ಕಡೆಯೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ನೋಡೇ ಇಲ್ಲಿ! ಯಾವನೋ ಗೊತ್ತಿಲ್ಲದವನು ನನ್ನ ಅಭಿಪ್ರಾಯ ತಪ್ಪು ಅಂತಾನೆ!” ಎಂದು ಹೆಂಡತಿಯ ಮುಂದೆ ಫೋನು ಹಿಡಿದೆ.

“ಗೊತ್ತಿರೋರೆಲ್ಲ ಅಂದಾಯ್ತಲ್ಲ. ಅವನೊಬ್ಬ ಬಾಕಿ ಇದ್ದ ಅಂತ ಕಾಣುತ್ತೆ” ಎಂದಳು ಅವಳು, ಇಸ್ತ್ರಿ ಮಾಡುತ್ತಿದ್ದ ನನ್ನ ಅಂಗಿಯ ಕಾಲರನ್ನು ಇನ್ನಷ್ಟು ಒತ್ತಿ.

ಅಂದಿನಿಂದ ಮನೆಯಲ್ಲಿ ಆ ಅಪರಿಚಿತನಿಗೆ ‘ವಿರೋಧ ಪಕ್ಷ’ ಎಂಬ ಹೆಸರು ಬಿತ್ತು. ಬೆಳಿಗ್ಗೆ ಕಾಫಿ ಕೊಡುವಾಗಲೇ “ನಿಮ್ಮ ವಿರೋಧ ಪಕ್ಷ ಏನಂತು?” ಎಂದು ಕೇಳುವುದು ವಾಡಿಕೆಯಾಯಿತು. ವಿರೋಧ ಪಕ್ಷ ದಿನಾ ಏನಾದರೂ ಅನ್ನುತ್ತಲೇ ಇತ್ತು. ತೊಂದರೆ ನನ್ನದು. ಪೆನ್ನು ಹಿಡಿದು ಇಪ್ಪತ್ತಾರು ವರ್ಷ ಕಳೆದ ಈ ಕೈಗೆ ಫೋನಿನ ಕೀಲಿಮಣೆ ಒಗ್ಗುವುದಿಲ್ಲ. ಒಂದೇ ಬೆರಳಿನಲ್ಲಿ ‘ಕ್ಷ’ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ವಾದವೇ ಮರೆತುಹೋಗುತ್ತಿತ್ತು. ನಾನು ಮೂರು ದಿನ ಕುಕ್ಕಿ ಕುಕ್ಕಿ ಒಂದು ಉತ್ತರ ಕಳಿಸಿದರೆ, ಫೋನು ಕೆಳಗಿಡುವುದರೊಳಗೆ ಅವನ ಮರುತ್ತರ ಟಿಣ್ ಎನ್ನುತ್ತಿತ್ತು. ನಾನು ಕೆಳಗೆ, ಅವನ ಮೇಲ್ ಮೇಲೆ ಎಂಬಂತಾಗಿತ್ತು ಪರಿಸ್ಥಿತಿ.

ಕಾಲೇಜಿಗೆ ಹೋಗುವ ಮಗಳಿಗೆ ನನ್ನ ಮೇಲೆ ಕನಿಕರ ಹುಟ್ಟಿತು.

“ಅಪ್ಪ, ಈ ಮೈಕ್ ಚಿತ್ರ ಇದೆಯಲ್ಲ, ಇದನ್ನ ಒತ್ತಿ ಸುಮ್ನೆ ಮಾತಾಡು. ಏನು ಕೇಳಿಸುತ್ತೋ ಅದನ್ನೆಲ್ಲ ಅದೇ ಬರ್ಕೊಳ್ಳುತ್ತೆ. ಕಳ್ಸೋ ಮುಂಚೆ ಒಂದ್ಸಲ ಓದ್ಬಿಡು ಅಷ್ಟೆ.”

“ನನ್ನ ಮಾತನ್ನ ನಾನೇ ತಿದ್ದಬೇಕೇನೇ?” ಎಂದೆ ಗತ್ತಿನಿಂದ.

ದಿನಕ್ಕೆ ಎಂಟು ಗಂಟೆ ಕಂಡವರ ಬರಹ ಓದಿ ಕಣ್ಣು ಕೆಂಪಾಗಿ ಮನೆಗೆ ಬಂದವನು ಮತ್ತೆ ತನ್ನದನ್ನೇ ಓದುವುದೆಂದರೆ ಏನು? ಅದೂ ಅಲ್ಲದೆ, ನನ್ನ ಬಾಯಿಂದ ಹೊರಟದ್ದರಲ್ಲಿ ತಪ್ಪು ಹೇಗೆ ಬರುತ್ತದೆ ಎಂಬ ಭರವಸೆಯೂ ಇತ್ತು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಮಗಳು ‘ಏನು ಕೇಳಿಸುತ್ತೋ’ ಎಂದಿದ್ದಳು. ನಾನು ‘ಏನು ಹೇಳುತ್ತೀಯೋ’ ಎಂದು ತಿಳಿದುಕೊಂಡೆ. ಈ ಎರಡು ಪದಗಳ ನಡುವೆ ಎಷ್ಟು ಅಂತರವಿದೆ ಎಂಬುದು ಕರಡು ತಿದ್ದುವವನಿಗೇ ಹೊಳೆಯಲಿಲ್ಲ.

ಮರುದಿನ ಸಂಜೆ ಆರೂವರೆಗೆ ನನ್ನ ಭಾಷಣ ಶುರುವಾಯಿತು. ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಫೋನನ್ನು ಒರಗಿಸಿ ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿಟಕಿಯಿಂದ ಚಪ್ಪಲಿ ಗೂಡಿನವರೆಗೆ ಹನ್ನೊಂದು ಹೆಜ್ಜೆ, ಮತ್ತೆ ವಾಪಸ್ಸು. ನನ್ನನ್ನು ಆಗ ಯಾರಾದರೂ ನೋಡಿದ್ದರೆ ಮಂತ್ರಿಮಂಡಲಕ್ಕೆ ಕರೆದುಬಿಡುತ್ತಿದ್ದರು. ನೋಡಿದ್ದವಳು ಹೆಂಡತಿ ಮಾತ್ರ. ಅವಳು ಅದೇ ಮೇಜಿನಲ್ಲಿ, ಫೋನಿನ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದಳು.

“ಮಾನ್ಯರೇ!” ಎಂದು ಆರಂಭಿಸಿದೆ. “ನಾಗರಿಕರು ಹರಿಯುವ ನೀರಿನ ಹಾಗೆ. ಅವರನ್ನು ಕಾಲುವೆ ತೋಡಿ ಮತಗಟ್ಟೆಯ ಕಡೆಗೆ ಹರಿಸಬೇಕಾದದ್ದು ಸರ್ಕಾರದ…”

“ರೀ, ಆ ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?”

“…ಸರ್ಕಾರದ ಆದ್ಯ ಕರ್ತವ್ಯ. ಬಲವಂತವಿಲ್ಲದೆ ಶಿಸ್ತಿಲ್ಲ. ಶಿಕ್ಷೆಯ ಭಯವಿದ್ದರೆ ಪ್ರತಿಯೊಬ್ಬನೂ ಮತ ಹಾಕಿಯೇ ಹಾಕುತ್ತಾನೆ.”

“ಹಾಕ್ತಾನೆ, ಕಣ್ಣು ಮುಚ್ಕೊಂಡು. ಸ್ನಾನ ಮಾಡಿ ಅಂತ ನಾನು ಬಲವಂತ ಮಾಡಿದ್ರೆ ನೀವು ಬಚ್ಚಲಲ್ಲಿ ನಲ್ಲಿ ಬಿಟ್ಟು ಪೇಪರ್ ಓದ್ತಾ ಕೂರ್ತೀರಲ್ಲ, ಹಾಗೆ. ನೀರು ಹರಿದಿದ್ದಷ್ಟೇ ಬಂತು. ಮೈ ನೆನೀತಾ?”

“ಸ್ವಲ್ಪ ಸುಮ್ನಿರ್ತೀಯಾ? ಇಲ್ಲಿ ಸಂವಿಧಾನದ ವಿಚಾರ ಮಾತಾಡ್ತಾ ಇದೀನಿ!”

“ಸಂವಿಧಾನ ಆಮೇಲೆ ಮಾತಾಡಿ. ಹಾಲು ಉಕ್ತಾ ಇದೆ, ಮೊದಲು ಹೋಗಿ ಒಲೆ ಆರಿಸಿ.”

ಒಲೆ ಆರಿಸಿ ಬಂದು, ‘ಇತಿ ತಮ್ಮ ವಿಶ್ವಾಸಿ’ ಎಂದು ಮುಗಿಸಿ, ಬಾಣದ ಗುರುತು ಒತ್ತಿದೆ. ಹೋಯಿತು.

ಆ ಸಲ ಉತ್ತರ ತಕ್ಷಣ ಬರಲಿಲ್ಲ. ಪೂರ್ತಿ ಒಂದು ದಿನ ಬಿಟ್ಟು ಬಂತು. “ಮಾನ್ಯರೇ, ತಾವುಗಳು ಬರೆದದ್ದನ್ನು ನಾಲ್ಕು ಬಾರಿ ಓದಿದೆ. ಮೊದಲ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ನೀರಿನ ಉದಾಹರಣೆ ಅಸಾಧಾರಣವಾಗಿದೆ. ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ಯಾರೂ ಬಿಡಿಸಿದ್ದನ್ನು ನಾನು ಕಂಡಿಲ್ಲ.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. (ಒದ್ದೆ ಟವೆಲ್ಲಿನ ಮೇಲೆ ಕೂತಿದ್ದೆ ಎಂಬುದು ಬೇರೆ ಮಾತು.) ಹರಿಯುವ ನೀರು, ಕಾಲುವೆ! ಆ ಉಪಮೆ ಹೇಳುವಾಗಲೇ ನನಗೆ ರೋಮಾಂಚನವಾಗಿತ್ತು. “ನೋಡಿದ್ಯಾ? ವಿರೋಧ ಪಕ್ಷ ಮಣೀತಾ ಇದೆ!” ಎಂದು ಹೆಂಡತಿಗೆ ಓದಿ ಹೇಳಿದೆ. “ಹೌದಾ? ಪಾಪ” ಎಂದಳು. ಯಾರಿಗೆ ಪಾಪ ಎಂದು ಕೇಳಲಿಲ್ಲ.

ಆದರೆ ಒಂದು ವಿಷಯ ನನ್ನನ್ನು ಕುಟುಕುತ್ತಿತ್ತು. ‘ತಾವುಗಳು’. ಕರಡು ತಿದ್ದುವವನ ಕಣ್ಣಿಗೆ ಅದು ಕಸ ಬಿದ್ದ ಹಾಗೆ. ಇಷ್ಟು ದಿನ ನಿರ್ದುಷ್ಟವಾಗಿ ಬರೆಯುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹೀಗೆ ಎಡವುವುದೇ? ಮುಂದಿನ ಪತ್ರದಲ್ಲಿ ಮೊದಲಿಗೇ ಅವನಿಗೆ ಪಾಠ ಹೇಳಿದೆ. “‘ತಾವು’ ಎಂಬುದೇ ಬಹುವಚನ. ಗೌರವಕ್ಕಾಗಿ ಒಬ್ಬನಿಗೂ ಅದನ್ನೇ ಬಳಸುತ್ತೇವೆ. ಅದಕ್ಕೆ ಮತ್ತೊಂದು ‘ಗಳು’ ಸೇರಿಸುವುದು ಅಂಗಿಯ ಮೇಲೆ ಅಂಗಿ ತೊಟ್ಟಂತೆ.”

ಅವನು ಉತ್ತರಿಸಿದ: “ಕ್ಷಮಿಸಿ. ನಾನು ಎಣಿಸಿಯೇ ಬರೆದದ್ದು.”

ಏನು ಎಣಿಸಿದನೋ ನನಗೆ ಅರ್ಥವಾಗಲಿಲ್ಲ. ಸೋಲುವವನ ಮೊಂಡುತನ ಎಂದುಕೊಂಡು ಬಿಟ್ಟೆ.

ಹೀಗೆ ವಾರಕ್ಕೆರಡು ಮೂರು ಸಲ ನಡೆಯಿತು. ನಾನು ಕಿಟಕಿಯಿಂದ ಚಪ್ಪಲಿ ಗೂಡಿಗೆ, ಹೆಂಡತಿ ಮೇಜಿನಲ್ಲಿ. ನನ್ನ ಮಾತಿಗೆ ಅವಳು ತನ್ನಷ್ಟಕ್ಕೆ ಏನಾದರೂ ಅನ್ನುತ್ತಲೇ ಇರುತ್ತಿದ್ದಳು. ನಾನು ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ ಸಾಧನೆ ಮಾಡಿ ಗಳಿಸಿದ ವಿದ್ಯೆ ಅದು. ವಿರೋಧ ಪಕ್ಷ, ‘ಮೌನವೂ ಪ್ರಜೆಯ ಹಕ್ಕು’ ಎಂದು ಬರೆದ ದಿನ ನಾನು ಅದನ್ನು ಗಟ್ಟಿಯಾಗಿ ಓದಿ, ಮೈಕು ಒತ್ತಿ, ಉತ್ತರಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಅವಳು ಬಟ್ಟೆ ಮಡಚುತ್ತಾ ಅಂದಳು:

“ಹಕ್ಕು ಅಂತೆ. ರಾತ್ರಿಗೆ ಏನು ಮಾಡ್ಲಿ ಅಂತ ಕೇಳಿದ್ರೆ ‘ಏನಾದ್ರೂ ಮಾಡು’ ಅಂತೀರ. ಮಾಡಿ ಬಡಿಸಿದ ಮೇಲೆ ಮುಖ ಹುಳ್ಳಗೆ ಮಾಡ್ಕೊಂತೀರ. ಕೇಳಿದಾಗ ಸುಮ್ಮನಿದ್ದೋರು ಉಣ್ಣೋವಾಗ್ಲೂ ಸುಮ್ಮನಿರ್ಬೇಕಪ್ಪ.”

ನಾನು ಅದರ ಮೇಲೆ ಇರುವೆಗಳ ಸಾಲಿನ ಶಿಸ್ತನ್ನು ಕುರಿತು ಇಪ್ಪತ್ತು ನಿಮಿಷ ಮಾತಾಡಿದೆ. ವಿರೋಧ ಪಕ್ಷದ ಉತ್ತರ: “ತಾವುಗಳು ಇಂದು ನನ್ನ ಬುಡವನ್ನೇ ಅಲುಗಿಸಿದ್ದೀರಿ. ಮೌನದ ಬಗ್ಗೆ ನನ್ನ ನಿಲುವನ್ನು ಹಿಂದಕ್ಕೆ ಪಡೆಯುತ್ತೇನೆ.” ಇರುವೆಗಳಿಗೆ ಇಷ್ಟು ಶಕ್ತಿ ಇದೆಯೆಂದು ನನಗೂ ತಿಳಿದಿರಲಿಲ್ಲ.

ಉತ್ಸಾಹ ನೆತ್ತಿಗೇರಿತ್ತು. ಮುಂದಿನ ಪತ್ರದಲ್ಲಿ, “ಮತದಾನದ ದಿನ ಮನೆಯಲ್ಲಿ ಬಿದ್ದುಕೊಳ್ಳುವವನು ನಾಗರಿಕನೇ ಅಲ್ಲ, ನರಾಧಮ!” ಎಂದು ಗರ್ಜಿಸಿದೆ. ಆಗ ಹೆಂಡತಿ ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯಲು ಮನಸ್ಸು ಬಾರದು. ಹೇಗೂ ಇನ್ನು ಸ್ವಲ್ಪ ಹೊತ್ತಿಗೆ ನಿಮಗೆ ಗೊತ್ತಾಗುತ್ತದೆ.

ಎರಡು ದಿನ ಕಳೆದು ವಿರೋಧ ಪಕ್ಷದಿಂದ ಬಂದ ಮೇಲನ್ನು ನಾನು ಎರಡೆರಡು ಸಲ ಓದಿದೆ. “ಚುನಾವಣೆಯ ವಿಶೇಷ ಸಂಚಿಕೆಗೆ ವಾರಪತ್ರಿಕೆಯವರು ಬರಹಗಳನ್ನು ಕೇಳಿದ್ದಾರೆ. ತಾವುಗಳು ಒಪ್ಪಿದರೆ ನಮ್ಮ ಪತ್ರ ವ್ಯವಹಾರವನ್ನೆಲ್ಲ ಅವರಿಗೆ ಕಳಿಸುತ್ತೇನೆ.”

ಒಪ್ಪುವುದೇ! ನಾನು ಒಂದೇ ಬೆರಳಿನಲ್ಲಿ ‘ಒಪ್ಪಿದೆ’ ಎಂದು ಕುಕ್ಕಿದೆ. ಸಂಪಾದಕರಿಗೆ ಬೇರೆಯಾಗಿ ಪೆನ್ನಿನಲ್ಲೇ ಒಂದು ಕಾಗದ ಬರೆದು ಅಚ್ಚುಕೂಟದ ಲಕೋಟೆಯಲ್ಲಿ ಕಳಿಸಿದೆ. ಹನ್ನೊಂದು ಹಾಳೆ ಒಂದು ವಾಕ್ಯವಾದ ಗಾಯ ಇನ್ನೂ ಹಸಿಯಾಗಿತ್ತಲ್ಲ. “ನನ್ನ ಪತ್ರಗಳಲ್ಲಿ ಒಂದು ವಾಕ್ಯವನ್ನೂ ಕತ್ತರಿಸಬಾರದು. ಒಂದಕ್ಷರವನ್ನೂ ತಿದ್ದತಕ್ಕದ್ದಲ್ಲ. ಈ ಷರತ್ತಿಗೆ ಒಪ್ಪಿದರೆ ಮಾತ್ರ ಪ್ರಕಟಿಸಿ.” ಸಂಪಾದಕರು ಫೋನಿನಲ್ಲಿ, “ಖಂಡಿತ ಸ್ವಾಮಿ, ಇದನ್ನ ಕತ್ತರಿಸೋದುಂಟೇ!” ಎಂದು ನಕ್ಕರು. ಆ ನಗು ಯಾಕೆ ಅಷ್ಟು ಹೊತ್ತು ನಿಲ್ಲಲಿಲ್ಲ ಎಂದು ನಾನು ಯೋಚಿಸಬೇಕಿತ್ತು.

ಒಂದು ಬುಧವಾರ ಬೆಳಿಗ್ಗೆ ಕರಡು ನನ್ನ ಮೇಜಿಗೆ ಬಂತು. ನಾಲ್ಕು ಪುಟ! ನಾಲ್ಕು ಪುಟಗಳ ನಾನು! ಮೂಗಿಗೆ ಹಿಡಿದು ಶಾಯಿಯ ವಾಸನೆ ನೋಡಿದೆ.

ನಮ್ಮಲ್ಲಿ ಮುಖ್ಯವಾದ ಕರಡನ್ನು ಇಬ್ಬರು ನೋಡುವುದು ಪದ್ಧತಿ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದದ್ದನ್ನು ಅದಕ್ಕೆ ತಾಳೆ ನೋಡುತ್ತಾರೆ. ಗಟ್ಟಿಯಾಗಿ ಓದುವಾಕೆಗೆ ಟೀಚರಮ್ಮ ಎಂದು ಹೆಸರು. ಹಿಂದೆ ಶಿಶುವಿಹಾರದಲ್ಲಿ ಪಾಠ ಹೇಳಿದ್ದರಿಂದ ರೈಲ್ವೆ ವೇಳಾಪಟ್ಟಿಯನ್ನೂ ಆಕೆ ನರಿ, ದ್ರಾಕ್ಷಿ ಕಥೆ ಹೇಳುವ ಧಾಟಿಯಲ್ಲಿ ಭಾವ ತುಂಬಿ ಓದುತ್ತಾರೆ. ನಾನು ಮೆಷಿನ್ ವಿಭಾಗದ ಫೋರ್‌ಮನ್‌ನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಸಂತೋಷವನ್ನು ಒಬ್ಬನೇ ತಿನ್ನಬಾರದು ನೋಡಿ. ಟೀಚರಮ್ಮ ಆರಂಭಿಸಿದರು:

“ಮಾನ್ಯರೇ ನಾಗರಿಕರು ಹರಿಯುವ ನೀರಿನ ಹಾಗೆ ಅವರನ್ನು ಕಾಲುವೆ ತೋಡಿ ಮತಗಟ್ಟೆಯ ಕಡೆಗೆ ಹರಿಸಬೇಕಾದದ್ದು ಸರ್ಕಾರದ ರೀ ಆ ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ಸರ್ಕಾರದ ಆದ್ಯ ಕರ್ತವ್ಯ…”

ಟೀಚರಮ್ಮ ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಸರ್ಕಾರ ಟವೆಲ್ ಹಾಕುತ್ತಾ ಸಾರ್?” ಎಂದ ಫೋರ್‌ಮನ್.

ಕರಡನ್ನು ಕಸಿದುಕೊಂಡು ಕಣ್ಣಾಡಿಸಿದೆ. ಎಲ್ಲವೂ ಇತ್ತು. ಬಚ್ಚಲ ನಲ್ಲಿ ಇತ್ತು. ಹುಳ್ಳಗಿನ ಮುಖ ಇತ್ತು. ‘ಇಲ್ಲಿ ಸ್ವಲ್ಪ ನಿಧಾನದ ವಿಚಾರ ಮಾತಾಡ್ತಾ ಇದೀನಿ’ ಎಂದಿತ್ತು. ನನ್ನ ಸಂವಿಧಾನವನ್ನು ಫೋನು ಹಾಗೆ ಕೇಳಿಸಿಕೊಂಡಿತ್ತು. ನಾಲ್ಕು ಪುಟಗಳಲ್ಲಿ ನಾನು ಯಾರು, ಅವಳು ಯಾರು ಎಂದು ಬೇರ್ಪಡಿಸಲು ಒಂದು ಗೆರೆಯೂ ಇರಲಿಲ್ಲ. ನೀರಿನ ಉದಾಹರಣೆ ಯಾವುದು, ಬುಡ ಅಲುಗಿಸಿದ್ದು ಯಾವುದು, ‘ಎಣಿಸಿಯೇ ಬರೆದದ್ದು’ ಎಂದರೇನು, ಎಲ್ಲ ಒಟ್ಟಿಗೆ ತಲೆಗೆ ಹೊಡೆಯಿತು. ಅವನು ಎಣಿಸಿದ್ದ. ಇಬ್ಬರು ಎಂದು ಎಣಿಸಿದ್ದ. ‘ತಾವು’ ಎಂದರೆ ನನಗೊಬ್ಬನಿಗೇ ಗೌರವವಾಗಿಬಿಡುತ್ತದೆಂದು ಪಾಪ ‘ಗಳು’ ಸೇರಿಸಿದ್ದ. ನಾನು ಅವನಿಗೆ ವ್ಯಾಕರಣ ಹೇಳಿಕೊಟ್ಟಿದ್ದೆ!

“ಇರಲಿ, ಮುಂದೆ ಓದಿ ಟೀಚರಮ್ಮ, ಚೆನ್ನಾಗಿದೆ” ಎಂದ ಫೋರ್‌ಮನ್. ಅಷ್ಟರಲ್ಲಿ ಬೈಂಡಿಂಗಿನವರು ಇಬ್ಬರು ಬಂದು ನಿಂತಿದ್ದರು. ನಾನು ಬೇಡ ಬೇಡ ಎನ್ನುವುದರೊಳಗೆ ಟೀಚರಮ್ಮ ಕೊನೆಯ ಪುಟಕ್ಕೆ ಹಾರಿದ್ದರು.

“ಮತದಾನದ ದಿನ ಮನೆಯಲ್ಲಿ ಬಿದ್ದುಕೊಳ್ಳುವವನು ನಾಗರಿಕನೇ ಅಲ್ಲ ನರಾಧಮ ಹಾಗಾದ್ರೆ ಹೋದ ಸಲ ನೀವೇನು ಕ್ಯೂ ಉದ್ದ ಇದೆ ಅಂತ ಅರ್ಧ ದಾರಿಯಿಂದ ವಾಪಸ್ ಬಂದು ಸಂಜೆ ನಾಲ್ಕರ ತನಕ ಗೊರಕೆ ಹೊಡೆದ್ರಿ ಮಾರನೇ ದಿನ ಪೆನ್ನಿನ ಶಾಯಿ ಬೆರಳಿಗೆ ಹಚ್ಕೊಂಡು ಪ್ರೆಸ್ಸಿಗೆ ಹೋದ್ರಿ…”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಫೋರ್‌ಮನ್ ನಿಧಾನವಾಗಿ, “ಸಾರ್, ಅವತ್ತು ಬೆರಳು ಎತ್ತಿ ತೋರಿಸಿ, ವೋಟು ಹಾಕದ ನನಗೆ ಅರ್ಧ ಗಂಟೆ ಬೈದ್ರಿ. ನನಗೆ ಜ್ವರ ಇತ್ತು ಸಾರ್” ಎಂದ.

ಅವರೆಲ್ಲ ಚದುರಿದ ಮೇಲೆ ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಇಪ್ಪತ್ತಾರು ವರ್ಷಗಳಲ್ಲಿ ಲೇಖಕನ ಒಂದು ಮಾತನ್ನೂ ನಾನಾಗಿ ಹೊಡೆದುಹಾಕಿದವನಲ್ಲ. ಆದರೆ ಒಂದು ಗೆರೆ ಎಳೆದರೆ ನನ್ನ ಮಾನ ಉಳಿಯುತ್ತದೆ. ಪೆನ್ನು ಊರಿದೆ. ಆಗ ಕರಡಿನ ತಲೆಯಲ್ಲಿ ಗುಂಡುಸೂಜಿಯಿಂದ ಚುಚ್ಚಿದ್ದ ಕಾಗದ ಕಣ್ಣಿಗೆ ಬಿತ್ತು. ನನ್ನದೇ ಕಾಗದ, ನನ್ನದೇ ಮುತ್ತಿನಂಥ ಅಕ್ಷರ. ಒಂದಕ್ಷರವನ್ನೂ ತಿದ್ದತಕ್ಕದ್ದಲ್ಲ. ಅದರ ಕೆಳಗೆ ಸಂಪಾದಕರು ‘ಕಟ್ಟುನಿಟ್ಟಾಗಿ ಪಾಲಿಸಿ’ ಎಂದು ಬರೆದು ಎರಡು ಅಡಿಗೆರೆ ಎಳೆದಿದ್ದರು.

ಸಂಪಾದಕರಿಗೆ ಫೋನು ಮಾಡಿದೆ.

“ಸಾರ್, ಅದರಲ್ಲಿ ಅಲ್ಲಲ್ಲಿ ಸ್ವಲ್ಪ… ಮನೆಮಾತು ಸೇರ್ಕೊಂಡಿದೆ. ತೆಗೆದುಬಿಡೋಣವಾ?”

“ಅಯ್ಯೋ, ಅದನ್ನ ತೆಗೆದ್ರೆ ಉಳಿಯೋದು ಏನು ಸ್ವಾಮಿ? ನಿಮ್ಮ ಮಾತು! ಬೇಕಾದ್ರೆ ನಿಮ್ಮದನ್ನ ಇನ್ನೂ ಸ್ವಲ್ಪ ಸಂಕ್ಷೇಪಿಸೋಣ.”

“ಹಾಗಾದ್ರೆ ಪೂರ್ತಿ ಲೇಖನಾನೇ ನಿಲ್ಲಿಸಿಬಿಡಿ.”

“ನೀವೂ ಒಪ್ಪಿದೀರಿ, ಅವರೂ ಒಪ್ಪಿದಾರೆ. ಪುಟ ಕಟ್ಟಿ ಆಯ್ತು.” ಸ್ವಲ್ಪ ತಡೆದು ಅಂದರು: “ಆದ್ರೆ ಒಂದು. ಮಧ್ಯೆ ಮಾತಾಡಿದ್ದಾರಲ್ಲ ಆ ಅಮ್ಮ, ಅವರ ಒಪ್ಪಿಗೆ ನಾವು ಕೇಳೇ ಇಲ್ಲ. ಅವರು ಬೇಡ ಅಂದ್ರೆ ನಿಲ್ಲಿಸ್ತೀನಿ. ನಾಳೆ ಹತ್ತು ಗಂಟೆ ಒಳಗೆ ಹೇಳಿ.”

ನನಗೆ ಹೋದ ಜೀವ ಬಂದಂತಾಯಿತು. ನನ್ನ ಹೆಂಡತಿಯನ್ನು ನಾನು ಬಲ್ಲೆ. ಮನೆಯ ಮಾತು ಕಿಟಕಿ ದಾಟಬಾರದೆಂದು ಜಗಳವಾಡುವ ಮೊದಲು ಕಿಟಕಿ ಮುಚ್ಚುವವಳು ಅವಳು. ಬಚ್ಚಲು, ಟವೆಲ್ಲು, ಗೊರಕೆ ಎಲ್ಲ ಊರಿಗೆ ಊರೇ ಓದುತ್ತದೆಂದರೆ ಕೆಂಡಾಮಂಡಲವಾಗಿ, ‘ಅಚ್ಚು ಹಾಕಿದ್ರೆ ನೋಡಿ ಮತ್ತೆ’ ಎನ್ನುತ್ತಾಳೆ. ಬೈಗುಳ ತಿಂದರೆ ತಿಂದೆ, ಮಾನ ಉಳಿಯಿತು! ಅರ್ಧ ದಿನ ರಜೆ ಹಾಕಿ ಕರಡನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಅವಳು ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದಳು. ನಾನು ಚಪ್ಪಲಿ ಗೂಡಿನ ಪಕ್ಕ ನಿಂತೆ. ಮೊದಲ ಪುಟ ತಿರುವಿದಳು. ಹುಬ್ಬು ಗಂಟಿಕ್ಕಿತು. ಭೇಷ್ ಎಂದುಕೊಂಡೆ. ಎರಡನೆಯ ಪುಟದಲ್ಲಿ ತುಟಿ ಬಿಗಿಯಿತು. ಭೇಷ್ ಭೇಷ್! ಕೊನೆಯ ಪುಟದವರೆಗೂ ಒಂದು ಮಾತಿಲ್ಲ. ಆಮೇಲೆ ಮೊದಲ ಪುಟಕ್ಕೆ ವಾಪಸ್ಸು ಬಂದು ಬೆರಳಿಟ್ಟಳು.

“ಇದೇನ್ರೀ ಹೀಗಿದೆ?”

“ನೋಡು ಮತ್ತೆ! ನಾನೂ ಅದನ್ನೇ…”

“‘ಹಾಳು ಉಕ್ತಾ ಇದೆ’ ಅಂತ ಬಿದ್ದಿದೆ. ನಾನಂದಿದ್ದು ‘ಹಾಲು’. ಇಷ್ಟು ವರ್ಷ ಪ್ರೂಫ್ ನೋಡಿ ನಿಮಗೆ ಲ, ಳ ಗೊತ್ತಾಗಲ್ವಾ? ಎಲ್ಲಿ, ಆ ಕೆಂಪು ಪೆನ್ ಕೊಡಿ.”

ನಾನು ಕೊಟ್ಟೆ. ಕೊಟ್ಟ ಮೇಲೆ ಎಚ್ಚರವಾಯಿತು.

“ಅಂದ್ರೆ… ಅಚ್ಚಾಗ್ಲಿ ಅಂತೀಯಾ? ನಮ್ಮ ಮಾನ ಏನಾಗ್ಬೇಕೇ?”

“ನಮ್ಮ ಮಾನಕ್ಕೇನಾಗಿದೆ? ಹೋದ್ರೆ ಮಲಗಿದ್ದೋರದ್ದು ಹೋಗುತ್ತೆ. ನಾನು ಬಿಸಿಲಲ್ಲಿ ಎರಡು ಗಂಟೆ ನಿಂತು ಹಾಕಿ ಬಂದಿದ್ದೆ.” ಅವಳು ‘ಳ’ವನ್ನು ಹೊಡೆದು ಅಂಚಿನಲ್ಲಿ ನೀಟಾಗಿ ‘ಲ’ ಬರೆದಳು. ನಾನು ಬರೆಯುವುದಕ್ಕಿಂತ ದುಂಡಗಿತ್ತು. ಆಮೇಲೆ ತಲೆಯೆತ್ತದೆ ಅಂದಳು: “ನಾನು ಅಂದಿದ್ದನ್ನ ಈ ಮನೇಲಿ ಇಷ್ಟು ವರ್ಷ ಯಾರೂ ಕೊನೇ ತನಕ ಕೇಳಿಸ್ಕೊಂಡಿರ್ಲಿಲ್ಲ. ಆ ಫೋನು ಕೇಳಿಸ್ಕೊಂಡಿದೆ. ಅವರ್ಯಾರೋ ನಾಲ್ಕು ಸಲ ಓದಿದಾರೆ.”

ನಿಜ ಹೇಳಬೇಕೆಂದರೆ, ಅಚ್ಚಾಗದೆ ಹೋದ ಮಾತಿನ ಸಂಕಟ ಏನೆಂದು ಈ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಸುಮ್ಮನೆ ಹೋಗಿ ಟವೆಲ್ಲನ್ನು ಹಗ್ಗದ ಮೇಲೆ ಹರವಿ ಬಂದೆ.

ವಿಶೇಷ ಸಂಚಿಕೆ ಹೊರಬಂದ ವಾರ ನಾನು ತಲೆ ತಗ್ಗಿಸಿಕೊಂಡೇ ಓಡಾಡಿದೆ. ತರಕಾರಿಯಂಗಡಿಯವನು ಟೊಮೆಟೊ ತೂಗುತ್ತಾ, “ಗೊರಕೆ ಸಾಹೇಬ್ರು ಬಂದ್ರು” ಎಂದ. ಚುನಾವಣೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ಮೊದಲಿಗನಾಗಿ ನಿಂತು ಮತ ಹಾಕಿದೆ. ಮಾರನೇ ದಿನ ಪ್ರೆಸ್ಸಿನಲ್ಲಿ ಫೋರ್‌ಮನ್ ನನ್ನ ಬೆರಳನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿ ನೋಡಿ, ಶಾಯಿ ಹೋಗದಿದ್ದ ಮೇಲೆಯೇ ಒಳಗೆ ಬಿಟ್ಟ.

ಚುನಾವಣೆಯ ದಿನ ಸಂಜೆಯೇ ವಿರೋಧ ಪಕ್ಷದ ಮೇಲ್ ಬಂದಿತ್ತು. “ಮಾನ್ಯರೇ, ನಾನೂ ಇಂದು ಮತ ಹಾಕಿ ಬಂದೆ. ಯಾರ ಬಲವಂತವೂ ಇಲ್ಲದೆ. ತಮ್ಮ ವಾದಗಳಿಗೆ ನಾನು ಎಂದೋ ಉತ್ತರ ನಿಲ್ಲಿಸಬಹುದಿತ್ತು, ಇರುವೆಗಳ ವಿಚಾರದಲ್ಲಂತೂ ನಿಲ್ಲಿಸಲೇಬೇಕಿತ್ತು. ನಿಲ್ಲಿಸದಿದ್ದದ್ದು ಮಧ್ಯದ ಮಾತುಗಳಿಗಾಗಿ. ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಮಧ್ಯೆ ಮಾತಾಡುವವರು ಯಾರೂ ಇಲ್ಲ. ಹಾಲು ಉಕ್ಕಿದರೆ ನಾನೇ ನೋಡಿಕೊಳ್ಳಬೇಕು.” ಹೆಂಡತಿಗೆ ಓದಿ ಹೇಳಿದೆ. ಅವಳು, “ಒಂದಿನ ಊಟಕ್ಕೆ ಕರೀರಿ ಅವರನ್ನ” ಎಂದಳು. ಕರೆದೆವು. ಬಂದರು. ಬಿಳಿ ಕೂದಲಿನ, ಕಡಿಮೆ ಮಾತಿನ ಮನುಷ್ಯ. ಊಟದುದ್ದಕ್ಕೂ ಅವರಿಬ್ಬರೂ ಸೇರಿಕೊಂಡು ನನ್ನ ವಿರುದ್ಧ ಒಂದು ಸಮ್ಮಿಶ್ರ ಸರ್ಕಾರವನ್ನೇ ರಚಿಸಿಬಿಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಸಂಪಾದಕರು ಮನೆಗೆ ಫೋನು ಮಾಡಿ, ವಾರಕ್ಕೆ ಅರ್ಧ ಪುಟದ ಅಂಕಣ ಬೇಕೆಂದರು. ನಾನು ಗಂಟಲು ಸರಿಮಾಡಿಕೊಂಡು, “ಯಾವ ವಿಷಯದ ಮೇಲೆ ಬರೀಲಿ ಸಾರ್?” ಎಂದೆ. “ಫೋನು ಅಮ್ಮನಿಗೆ ಕೊಡಿ” ಎಂದರು.

ಈಗ ವಾರಕ್ಕೊಂದು ಸಂಜೆ ಆರೂವರೆಗೆ ಅವಳು ಮೇಜಿನ ಮುಂದೆ ಕೂತು ಮೈಕು ಒತ್ತಿ ಮಾತಾಡುತ್ತಾಳೆ. ತರಕಾರಿ ಹೆಚ್ಚುವುದು ನಾನು. ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೂ ಪ್ರಯೋಜನವಿಲ್ಲ, ಯಾಕೆಂದರೆ ಅವಳು ಕಳಿಸುವ ಮುಂಚೆ ಒಂದು ಸಲ ಓದುತ್ತಾಳೆ. ನನ್ನ ಮಾತು ಎಲ್ಲಿ ನುಸುಳಿದ್ದರೂ ಹುಡುಕಿ ಅಳಿಸುತ್ತಾಳೆ. ‘ಅನಗತ್ಯ’ ಎನ್ನುತ್ತಾಳೆ.

ಹೋದ ವಾರ ಮಾತ್ರ ಒಂದು ಮಾತು ಉಳಿದುಕೊಂಡಿತು. ಗಂಡಸರ ಮೊಂಡುತನದ ಬಗ್ಗೆ ಹೇಳುತ್ತಾ ಹೇಳುತ್ತಾ ಅವಳು ನನ್ನ ಕಡೆ ತಿರುಗಿ, “ಅಲ್ವೇನ್ರೀ?” ಎಂದು ಕೇಳಿದ್ದಳು. ನಾನು ಉತ್ತರ ಕೊಟ್ಟಿದ್ದೆ. ಮರುದಿನ ಕರಡು ನನ್ನ ಮೇಜಿಗೆ ಬಂದಾಗ ನೋಡುತ್ತೇನೆ, ಮೂರನೆಯ ಪ್ಯಾರಾದ ಕೊನೆಯಲ್ಲಿ, ಎರಡು ಉದ್ಧರಣ ಚಿಹ್ನೆಗಳ ನಡುವೆ, ನನ್ನದೇ ಮಾತು: ‘ಹೂಂ’. ಯಾರೂ ಕತ್ತರಿಸಿರಲಿಲ್ಲ, ಸಂಕ್ಷೇಪಿಸಿರಲಿಲ್ಲ. ಕಣ್ಣು ಮಂಜಾಯಿತು. ಆದರೆ ಶಾಸ್ತ್ರ ಶಾಸ್ತ್ರವೇ. ಆ ಪದ ‘ಹ್ಞೂಂ’ ಎಂದಿದ್ದರೆ ಸ್ವಲ್ಪ ತೂಕ ಬರುತ್ತದೆಂದು ಕೆಂಪು ಪೆನ್ನಿನಲ್ಲಿ ಒಂದು ‘ಞ’ ಒತ್ತು ಸೇರಿಸಿದೆ.

ಸಂಪಾದಕರು ಕಳಿಸಿಕೊಡುವ ಕೊನೆಯ ಕರಡನ್ನು ಈಗ ಅವಳೇ ನೋಡುತ್ತಾಳೆ. ಸಂಜೆ ಮನೆಗೆ ಹೋಗುವಷ್ಟರಲ್ಲಿ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಳು.

“ಇದ್ಯಾರ ಕೆಲಸ? ನೀವಂದಿದ್ದು ಬರೀ ‘ಹೂಂ’ ಅಂತ ತಾನೆ?”

“ಹೂಂ” ಎಂದೆ.